ಖಾರದ ಗಿರಣಿಯ ಮೇಲಿನ ಸಾಹೇಬರು

ಸಾಹೇಬರು ತೀರಿಕೊಂಡ ಸುದ್ದಿ ನನಗೆ ನಾಲ್ಕು ಸಲ ಬಂತು.

ಬೆಳಿಗ್ಗೆ ಆಫೀಸಿಗೆ ಬಂದು ಹೆಗಲಿನ ಚೀಲ ಇಳಿಸುವಷ್ಟರಲ್ಲಿ ಭಾಲ್ಕಿಯಿಂದ ಟವರ್ ಮಾಮಾ ಫೋನ್ ಮಾಡಿ, "ಮೇಡಂ, ನಮ್ಮ ಸಾಹೇಬ್ರು ಹೋಗಿಬಿಟ್ರಿ" ಎಂದು ಗೊಳೋ ಎಂದರು. ಅವರ ಜೊತೆ ನಾನೂ ಅತ್ತೆ. ಕಣ್ಣೊರೆಸಿಕೊಳ್ಳುವಾಗ ಔರಾದಿನ ಕೇಬಲ್ ಅಣ್ಣನ ಸಂದೇಶ ವೈಫೈ ಮೇಲೆ ಬಂತು. ಕೈಮುಗಿದ ಚಿತ್ರ ಆರು, ಮಾತು ಒಂದೇ: 'ಸಾಹೇಬ್ರು ಇಲ್ಲ.' ಮತ್ತೆ ಅತ್ತೆ. ಅಷ್ಟರಲ್ಲಿ ಮೂಲೆಯ ಹಳೇ ವೈರ್‌ಲೆಸ್ ಸೆಟ್ಟು ಗರಗರ ಎಂದು, ಡಾಬಕಾದ ರೇಷನ್ ಅಂಗಡಿಯ ಅಕ್ಕ, "ಬೀದರ, ಬೀದರ, ಕೇಳಸ್ತದೇನ್ರಿ? ಸುದ್ದಿ ಛಲೋ ಇಲ್ರಿ" ಎಂದಳು. ನಾಲ್ಕನೆಯದು ಮೆಹಕರ ಪಂಚಾಯಿತಿಯ ಕಂಪ್ಯೂಟರ್ ಆಪರೇಟರಿನದು, ಫೈಬರ್ ಮೇಲೆ ಬಂದ ಇ-ಮೇಲ್. 'ವಿಷಯ: ಮಾನ್ಯ ಸಾಹೇಬರು ನಿಧನ ಹೊಂದಿರುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ...' ಅದು ಬರುವ ಹೊತ್ತಿಗೆ ನಾನು ಅಳುವುದನ್ನು ಬಿಟ್ಟು ಗಡಿಯಾರ ನೋಡುತ್ತಿದ್ದೆ. ಹನ್ನೊಂದು ನಿಮಿಷದಲ್ಲಿ ನಾಲ್ಕೂ ದಾರಿಯಿಂದ ಒಂದೇ ಸುದ್ದಿ. ಇಷ್ಟು ಚೊಕ್ಕವಾಗಿ ಎಂದೂ ಆಗಿರಲಿಲ್ಲ. ತಕ್ಷಣ ಸಾಹೇಬರಿಗೆ ಫೋನ್ ಮಾಡಿ ಹೇಳಬೇಕು, ಖುಷಿಪಡುತ್ತಾರೆ ಅನ್ನಿಸಿತು. ಫೋನ್ ಕೈಗೆ ತೆಗೆದುಕೊಂಡೂ ಬಿಟ್ಟಿದ್ದೆ.

ನಮ್ಮದು ಬೀದರಿನ ಹಳೇ ಪೇಟೆಯಲ್ಲಿ ಖಾರದ ಗಿರಣಿಯ ಮೇಲಿನ ಎರಡು ಕೋಣೆಯ ಆಫೀಸು. ಔರಾದ ಮತ್ತು ಭಾಲ್ಕಿ ತಾಲ್ಲೂಕಿನ ಹಳ್ಳಿಗಳಲ್ಲಿ ರೇಷನ್ ಅಂಗಡಿ, ಆರೋಗ್ಯ ಉಪಕೇಂದ್ರ, ಪಂಚಾಯಿತಿ ಇವಕ್ಕೆಲ್ಲ ನೆಟ್‌ವರ್ಕ್ ಬೇಕು. ಒಂದು ಊರಲ್ಲಿ ಮೊಬೈಲ್ ಕಂಪನಿಯ ಟವರ್ ಹಿಡಿಯುತ್ತದೆ, ಇನ್ನೊಂದರಲ್ಲಿ ಕೇಬಲ್‌ನವರ ವೈಫೈ, ಮತ್ತೆಲ್ಲೋ ಪಂಚಾಯಿತಿಗೆ ಎಳೆದ ಫೈಬರ್, ಏನೂ ಇಲ್ಲದ ಕಡೆ ಹಳೇ ವೈರ್‌ಲೆಸ್ ಸೆಟ್ಟು. ಒಂದೊಂದೂ ದಿನಕ್ಕೊಮ್ಮೆ ಬೀಳುವಂಥದ್ದೇ. ಆದರೆ ಎಲ್ಲವೂ ಒಟ್ಟಿಗೆ ಬೀಳುವುದು ಅಪರೂಪ. ಹಾಗಾಗಿ ಒಂದು ಬಿದ್ದಾಗ ಇನ್ನೊಂದು ಅದರ ಭಾರ ಹೊರಬೇಕು ಎಂದು ನಮ್ಮ ಯೋಜನೆಯವರು ಎಲ್ಲ ಮಾಲೀಕರಿಂದ ಒಪ್ಪಂದ ಬರೆಸಿಕೊಂಡು, ಅಂಗಡಿಗೊಂದು ಡಬ್ಬಿ ಕೂಡಿಸಿದ್ದರು. ಯಾವ ದಾರಿ ಚಾಲೂ ಇದೆ ನೋಡಿ ಆ ದಾರಿ ಹಿಡಿಯುವುದು ಡಬ್ಬಿಯ ಕೆಲಸ. ಡಬ್ಬಿಗೆ ಬುದ್ಧಿ ಹೇಳುವುದು ನನ್ನ ಕೆಲಸ. ದಾರಿಯ ಮಾಲೀಕರಿಗೆ ಬುದ್ಧಿ ಹೇಳುವುದು ಸಾಹೇಬರ ಕೆಲಸ. ಮೂರರಲ್ಲಿ ಕಷ್ಟದ್ದು ಯಾವುದೆಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ನಾನು ಕಮಠಾಣದ ಹುಡುಗಿ. ಇಂಜಿನಿಯರಿಂಗ್ ಮುಗಿಸಿ, ತಲೆಯ ತುಂಬ ತಿಳಿವಳಿಕೆ ತುಂಬಿಕೊಂಡು ಮೊದಲ ದಿನ ಆ ಮೆಟ್ಟಿಲು ಹತ್ತಿದಾಗ ಎಂಟು ಸಲ ಸೀನಿದೆ. ಒಳಗೆ ಕೂತಿದ್ದವರು ಬಿಸಿಲಲ್ಲೂ ಮಫ್ಲರ್ ಸುತ್ತಿಕೊಂಡ, ಅರವತ್ತು ದಾಟಿದ, ಸಣ್ಣ ದೇಹದ ಮನುಷ್ಯ. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ಕೇಳಿಸ್ತಾ? ಎಂಟು ಸೀನು. ಎಂಟೂ ಬಂದ್ವಾ? ಏಳೇ ಬಂದ್ವಾ? ಹಂಗಾದ್ರ ಲೈನಿನಾಗ ಕಸ ಅದ, ನೋಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ಬಾ ಬೇಟಿ, ಕೂಡು. ಪಹಿಲೆ ಚಾಯ್" ಎಂದರು. ಲಕ್ಷಾಂತರ ಬೆಲೆಯ ಉಪಕರಣ ಪಕ್ಕದಲ್ಲೇ ಇದ್ದರೂ ಲೈನು ಶುದ್ಧವಿದೆಯೋ ಇಲ್ಲವೋ ಎಂದು ಅವರು ಸೀನಿನಿಂದಲೇ ನೋಡುತ್ತಿದ್ದರು. ಹಳ್ಳಿಯವರೂ ಹಾಗೇ ಆಗಿಬಿಟ್ಟಿದ್ದರು. ಸೀನು ಕೇಳಿಸದಿದ್ದರೆ, "ಬೀದರ ಅಲ್ಲೇನ್ರಿ ಇದು?" ಎಂದು ಅನುಮಾನಪಡುತ್ತಿದ್ದರು.

ಅವತ್ತು ಚಹಾದ ಕಪ್ಪು ಕೊಡುವಾಗ ಒಂದು ವಿಚಿತ್ರ ಆಯಿತು. ನಾನು ಹಿಡಿದೆ, ಅವರು ಬಿಡಲಿಲ್ಲ. ನಾನು ಜಗ್ಗಿದೆ, ಅವರೂ ಹಿಡಿದೇ ಇದ್ದರು. ಬಸಿಯಲ್ಲಿ ಅರ್ಧ ಚಹಾ ಚೆಲ್ಲಿದ ಮೇಲೆ, "ಹಿಡದೀಯೇನು?" ಎಂದು ಕೇಳಿದರು. "ಹಿಡದೇನ್ರಿ" ಅಂದ ಮೇಲೆ ಬಿಟ್ಟರು. ಪೆನ್ನು ಕೊಟ್ಟರೂ ಹಾಗೆ, ಬೀಗದ ಕೈ ಕೊಟ್ಟರೂ ಹಾಗೆ. ಆ ಕಡೆಯವರು ಗಟ್ಟಿ ಹಿಡಿಯುವ ತನಕ ಈ ಕಡೆ ಬಿಡಬಾರದು ಎಂಬುದು ಅವರ ನೆಟ್‌ವರ್ಕ್ ಶಾಸ್ತ್ರದ ಮೊದಲ ಪಾಠ. ನಾನು ಕಾಲೇಜಿನಲ್ಲಿ ಇದನ್ನೇ ನಲವತ್ತು ಪುಟ ಓದಿ, ಪರೀಕ್ಷೆಯಲ್ಲಿ ಹತ್ತಕ್ಕೆ ಏಳು ಅಂಕ ತೆಗೆದುಕೊಂಡಿದ್ದೆ.

ಎರಡನೆಯ ಪಾಠವನ್ನು ಅವರು ಕಲಿತದ್ದು ತಾಯಿಯಿಂದ. ಅವರ ತಾಯಿ ಹಳೇ ಪೇಟೆಯಲ್ಲಿ ಸಂಬಂಧ ಕೂಡಿಸುವ ಹೆಂಗಸು. ಯಾರ ಮನೆಯಲ್ಲಿ ಹುಡುಗಿ ಇದ್ದಾಳೆ, ಯಾರ ಮನೆಯ ಹುಡುಗ ಹೊಂದುತ್ತಾನೆ ಎಂದು ಬುರ್ಖಾ ಹಾಕಿಕೊಂಡು ಗಲ್ಲಿ ಗಲ್ಲಿ ಓಡಾಡಿ ನೂರಾರು ಮನೆ ಜೋಡಿಸಿದವರಂತೆ. ಸಾಹೇಬರು ಮೊದಲು ಯಾವುದೋ ಇಲಾಖೆಯಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ನಮ್ಮ ಯೋಜನೆಗೆ ವರ್ಷ ವರ್ಷದ ಕರಾರಿನ ಮೇಲೆ ಬಂದವರು. ಟವರು, ಕೇಬಲ್ಲು, ಫೈಬರ್ರು ಎಂದು ಮುಖ ತಿರುಗಿಸಿಕೊಂಡು ಕೂತ ಮಾಲೀಕರನ್ನು ನೋಡಿದ ಕೂಡಲೇ ಅವರಿಗೆ ಇದು ತಾಯಿಯ ಧಂದೆಯೇ ಎಂದು ಗೊತ್ತಾಗಿಹೋಯಿತು. "ಅಮ್ಮಾ ಹೇಳ್ತಿದ್ರು, ಹುಡುಗನ ಮನಿ ನೋಡಬೇಕಂದ್ರ ಹೇಳಿ ಹೋಗಬ್ಯಾಡ, ಮಧ್ಯಾಹ್ನ ಹೋಗು. ಮುಂಜಾನಿ ಎಲ್ಲರ ಮನಿನೂ ಚೊಕ್ಕ ಇರ್ತದ." ಹಾಗಾಗಿ ಏಪ್ರಿಲ್ ತಿಂಗಳ ಎರಡು ಗಂಟೆಯ ಬಿಸಿಲಲ್ಲಿ, ಉಪಕರಣಗಳೆಲ್ಲ ಕಾದು ಸುಸ್ತಾದ ಹೊತ್ತಲ್ಲಿ, ನನ್ನನ್ನು ಹಿಂದೆ ಕೂಡಿಸಿಕೊಂಡು ಮೊಪೆಡ್ ಮೇಲೆ ಹಳ್ಳಿಗೆ ಹೋಗುತ್ತಿದ್ದರು. ಅವರ ತಲೆಗೆ ಮಫ್ಲರ್ ಇತ್ತು. ನನಗೆ ಓಢಣಿ ಇತ್ತು, ಸಾಲುತ್ತಿರಲಿಲ್ಲ.

ಅವರ ರಜಿಸ್ಟರಿನ ಬಗ್ಗೆ ಹೇಳದಿದ್ದರೆ ಅವರ ಬಗ್ಗೆ ಹೇಳಿದಂತೆ ಆಗುವುದೇ ಇಲ್ಲ. ಕೆಂಪು ರಟ್ಟಿನ ದಪ್ಪ ಪುಸ್ತಕ. ಒಂದೊಂದು ದಾರಿಗೂ ಒಂದೊಂದು ಪುಟ, ಥೇಟ್ ಮದುವೆಯ ಬಯೋಡಾಟಾ. ಹೆಸರು, ಮನೆತನ, ವಯಸ್ಸು, ಸ್ವಭಾವ, ಯಾರ ಜೊತೆ ಹೊಂದಿಕೆ, ಕೊನೆಗೆ ದೋಷ. ಔರಾದಿನ ವೈಫೈ ಪುಟದಲ್ಲಿ 'ಸ್ವಭಾವ: ಉದಾರಿ. ಸಂಜೆ ಸೀರಿಯಲ್ ಹೊತ್ತಿಗೆ ಮಾತ್ರ ಯಾರ ಮಾತೂ ಕೇಳುವುದಿಲ್ಲ' ಎಂದಿತ್ತು. ಮೆಹಕರದ ಫೈಬರ್ ಪುಟದಲ್ಲಿ 'ಒಳ್ಳೆ ಮನೆತನ, ಓದಿದವ, ಆದರೆ ಜೆಸಿಬಿ ಕಂಡರೆ ಪ್ರಾಣ ಬಿಡುತ್ತಾನೆ' ಎಂದಿತ್ತು. ವೈರ್‌ಲೆಸ್ ಸೆಟ್ಟಿನದು: 'ವಯಸ್ಸಾಗಿದೆ, ಕಿವಿ ಮಂದ. ಎಲ್ಲರೂ ಕೈಬಿಟ್ಟಾಗ ಇವನೇ ಬರುತ್ತಾನೆ.' ನಾನು ಓದಿ ಓದಿ ನಕ್ಕು, ಗೆಳತಿಯರಿಗೆ ಫೋಟೋ ಕಳಿಸಿದ್ದೆ.

ದೋಷದ ಖಾನೆಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಅದನ್ನು ಮಾಲೀಕರೇ ತಮ್ಮ ಬಾಯಿಂದ ಹೇಳಬೇಕು. ಇನ್ನೊಬ್ಬರು ಹೇಳಿದರೆ ಬರೆಯುವಂತಿಲ್ಲ. ಟವರ್ ಮಾಮಾ ಬಂದು ಕೇಬಲ್ ಅಣ್ಣನ ಮೇಲೆ ಹತ್ತು ಚಾಡಿ ಹೇಳಿದರೂ ಸಾಹೇಬರ ಪೆನ್ನು ಮೇಲೇಳುತ್ತಿರಲಿಲ್ಲ. "ನಿಂದು ಹೇಳು. ಅವಂದು ಅವ ಹೇಳ್ತಾನ." ಯಾರೂ ಬಾಯಿಬಿಡದಿದ್ದರೆ ಮೊದಲು ತಮ್ಮದೇ ದೋಷ ಹೇಳಿ ದಾರಿ ತೆರೆಯುತ್ತಿದ್ದರು. ತನಗೆ ಹೆಂಡತಿ ಎಂದರೆ ಅಂಜಿಕೆ, ಆಫೀಸಿನ ಸಕ್ಕರೆ ಕದ್ದು ತಿನ್ನುತ್ತೇನೆ, ಹೀಗೆ. ನೆಟ್‌ವರ್ಕಿಗೂ ಸಕ್ಕರೆಗೂ ಏನು ಸಂಬಂಧ ಎಂದು ಕೇಳಿದರೆ, "ಸಂಬಂಧ ಹಿಂಗೇ ಕೂಡೋದು, ಬೇಟಿ" ಎನ್ನುತ್ತಿದ್ದರು.

ಇದಲ್ಲದೆ ದಿನಾ ಬೆಳಿಗ್ಗೆ ಹತ್ತೂವರೆಗೆ ಹಾಜರಿ. ಫೋನು, ವೈಫೈ, ಫೈಬರು, ಸೆಟ್ಟು ನಾಲ್ಕನ್ನೂ ಒಟ್ಟಿಗೆ ತೆರೆದಿಟ್ಟು ಸಾಲಿ ಮಾಸ್ತರರ ಹಾಗೆ ಕೂಗುವುದು. "ಭಾಲ್ಕಿ?" "ಹಾಜರ್ ಸಾಹೇಬ್ರ." "ಔರಾದ?" "ಅದೀನ್ರಿ." "ಡಾಬಕಾ?" "ಆಹೆ... ಅದೀನ್ರಿ, ಅದೀನಿ." ಡಾಬಕಾದ ಅಕ್ಕ ಗಡಿಯ ಮಗ್ಗುಲಲ್ಲೇ ಹುಟ್ಟಿ ಬೆಳೆದವಳು. ಮೊದಲು ಮರಾಠಿ ಬಂದು ಆಮೇಲೆ ಕನ್ನಡ ಬರುತ್ತಿತ್ತು. "ಮೆಹಕರ?" ಮೆಹಕರದವನು ಮಾತಾಡುತ್ತಿರಲಿಲ್ಲ. 'ವಿಷಯ: ಹಾಜರಾತಿ' ಎಂದು ಇ-ಮೇಲ್ ಕಳಿಸುತ್ತಿದ್ದ.

ಈಗ ಡಾಬಕಾದ ಪ್ರಸಂಗ. ಇದನ್ನು ಹೇಳದೆ ದಾಟಿಹೋಗಬಹುದಿತ್ತು. ನಾಲ್ಕು ವರ್ಷ ಹಾಗೇ ದಾಟಿದ್ದೇನೆ.

ಡಾಬಕಾದಲ್ಲಿ ಆಗ ರೇಷನ್ ತೆಗೆದುಕೊಳ್ಳಬೇಕೆಂದರೆ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು, ಯಂತ್ರಕ್ಕೆ ರೇಂಜ್ ಬೇಕು, ನಮ್ಮ ಕಡೆಯ ರೇಂಜ್ ಊರಲ್ಲಿರಲಿಲ್ಲ. ಅಕ್ಕ ಯಂತ್ರ ಹೊತ್ತುಕೊಂಡು ಊರಾಚೆಯ ದಿಣ್ಣೆ ಹತ್ತುವಳು. ಅವಳ ಹಿಂದೆ ಮುದುಕರು, ಬಾಣಂತಿಯರು, ಕೋಲೂರಿಕೊಂಡವರು. ಹೆಬ್ಬೆಟ್ಟು ದಿಣ್ಣೆಯ ಮೇಲೆ, ಅಕ್ಕಿ ಊರೊಳಗೆ. ನಮ್ಮ ಡಬ್ಬಿ ಕೂಡಿಸಿ ಇದನ್ನು ತಪ್ಪಿಸಬೇಕಿತ್ತು. ಬೆಂಗಳೂರಿನಿಂದ ಬಂದ ಅಧಿಕಾರಿ ಖಡಕ್ಕಾಗಿ ಹೇಳಿದ್ದರು: ರೇಷನ್ ಹಂಚುವ ಮೂರು ದಿನಗಳಲ್ಲಿ ಊರೊಳಗೇ ಕೂತು ಎಲ್ಲ ಕಾರ್ಡಿನವರಿಗೂ ಹೆಬ್ಬೆಟ್ಟು ಬೀಳಬೇಕು. ಬೀಳದಿದ್ದರೆ ಗಡಿ ಊರುಗಳನ್ನು ಯೋಜನೆಯಿಂದ ತೆಗೆದುಹಾಕುತ್ತೇವೆ. ಎಂದರೆ ಡಾಬಕಾದವರಿಗೆ ದಿಣ್ಣೆಯೇ ಗತಿ.

ಡಬ್ಬಿಗೆ ಯಾವ ದಾರಿ ಮೊದಲು, ಯಾವುದು ಆಮೇಲೆ ಎಂದು ಹೇಳಿಕೊಟ್ಟವಳು ನಾನು. ಸಾಹೇಬರು ರಜಿಸ್ಟರ್ ಮುಂದಿಟ್ಟು, "ಡಾಬಕಾದ್ದು ಪೂರಾ ಓದು. ಓದಿ ಹಾಕು" ಎಂದಿದ್ದರು. ನಾನು ಓದಲಿಲ್ಲ. ಮದುವೆ ದಲ್ಲಾಳಿಯ ಪುಸ್ತಕ ನೋಡಿ ಇಂಜಿನಿಯರು ಕೆಲಸ ಮಾಡಬೇಕೇ ಎಂಬ ಸೊಕ್ಕು. 'ಯಾವುದು ಗಟ್ಟಿಯೋ ಅದನ್ನು ಹಿಡಿ' ಎಂದು ಡಬ್ಬಿಗೆ ಹೇಳಿ ಕೈ ಝಾಡಿಸಿಕೊಂಡೆ. ಡಬ್ಬಿ ವಿಧೇಯ ಪ್ರಾಣಿ. ಡಾಬಕಾದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಬರುತ್ತಿದ್ದದ್ದು ಗಡಿಯಾಚೆಯ ಮಹಾರಾಷ್ಟ್ರದ ಟವರು. ಡಬ್ಬಿ ಅದನ್ನೇ ತಬ್ಬಿಕೊಂಡಿತು. ಗಡಿಯಾಚೆಯ ದಾರಿಯಿಂದ ಬಂದ ಹೆಬ್ಬೆಟ್ಟನ್ನು ರೇಷನ್ ಯಂತ್ರ ಒಪ್ಪುತ್ತಿರಲಿಲ್ಲ.

ಮೊದಲ ದಿನ ಅಂಗಡಿಯ ಮುಂದೆ ಊರಿಗೆ ಊರೇ ಕೂತಿತ್ತು. ಒಂದು ಹೆಬ್ಬೆಟ್ಟೂ ಹತ್ತಲಿಲ್ಲ. ಅಕ್ಕನ ಫೋನಿಗೆ ಮಾತ್ರ ಐದೈದು ನಿಮಿಷಕ್ಕೆ ಮಹಾರಾಷ್ಟ್ರಕ್ಕೆ ಸ್ವಾಗತ ಎಂಬ ಸಂದೇಶ ಬರುತ್ತಿತ್ತು. ಒಬ್ಬ ಮುದುಕ ತನ್ನ ಹೆಬ್ಬೆಟ್ಟನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು, "ನಿನ್ನೀ ತನಕ ಕರ್ನಾಟಕದ್ದೇ ಇತ್ತಲ್ರಿ ಇದು" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಸಂಜೆ ಆಫೀಸಿಗೆ ಬಂದು ರಜಿಸ್ಟರ್ ತೆಗೆದೆ. ಆ ಟವರಿನ ಪುಟ ಇತ್ತು. 'ಮನೆತನ: ಗಡಿಯಾಚೆ. ದನಿ ಗಟ್ಟಿ, ಮನೆ ಹತ್ತಿರ, ನೋಡಲು ಚೆಂದ. ಊಟಕ್ಕೆ ಕರೆಯಬಹುದು. ಹೆಣ್ಣು ಕೊಡಬಾರದು.' ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬಲ್ಲರು? ಸಾಹೇಬರು ನನ್ನ ಹೆಗಲ ಮೇಲಿಂದ ನೋಡಿದರು. "ನಾಳಿ ಇಬ್ಬರನ್ನ ಕರಸ್ತೇನಿ" ಎಂದರಷ್ಟೆ.

ಇಬ್ಬರು ಎಂದರೆ ಟವರ್ ಮಾಮಾ ಮತ್ತು ಕೇಬಲ್ ಅಣ್ಣ. ವೈರ್‌ಲೆಸ್ ಸೆಟ್ಟಿನ ಮೇಲೆ ಮಾತು ಹೋಗುತ್ತದೆ, ಹೆಬ್ಬೆಟ್ಟು ಹೋಗುವುದಿಲ್ಲ. ಗಡಿಯಾಚೆಯ ಟವರನ್ನು ಬಿಟ್ಟರೆ ಡಾಬಕಾಕ್ಕೆ ಉಳಿದದ್ದು ಕೇಬಲ್ ಅಣ್ಣನ ವೈಫೈ ಒಂದೇ. ಆದರೆ ಅದು ಅಷ್ಟು ದೂರ ಮುಟ್ಟಬೇಕೆಂದರೆ ಅವನ ಡಿಶ್ಶು ಎತ್ತರದಲ್ಲಿರಬೇಕು. ಎತ್ತರ ಎಂದರೆ ಔರಾದಿನ ಟವರು. ಟವರಿನ ಬೀಗದ ಕೈ ಮಾಮಾನ ಹತ್ತಿರ. ಮೊದಲು ಡಿಶ್ಶು ಅಲ್ಲೇ ಇತ್ತು. ಎರಡು ವರ್ಷದ ಹಿಂದೆ ಮಾಮಾ ಒಂದು ದಿನ ಅದನ್ನು ಕಳಚಿ, ಗೋಣಿಚೀಲದಲ್ಲಿ ಕಟ್ಟಿ, ಕೇಬಲ್ ಅಣ್ಣನ ಅಂಗಡಿ ಮುಂದೆ ಇಟ್ಟು ಹೋಗಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹಾಜರಿಯಲ್ಲೂ ಒಬ್ಬರು "ಹಾಜರ್" ಎಂದರೆ ಇನ್ನೊಬ್ಬರು ಕೆಮ್ಮುತ್ತಿದ್ದರು.

ಮರುದಿನ ಹನ್ನೊಂದಕ್ಕೆ ಇಬ್ಬರೂ ಬಂದು ಕೋಣೆಯ ಎರಡು ಮೂಲೆಯಲ್ಲಿ ಗೋಡೆ ನೋಡುತ್ತ ಕೂತರು. ಸಾಹೇಬರು ಚಹಾ ತರಿಸಲಿಲ್ಲ. ಕಿಟಕಿಯಿಂದ ಬಗ್ಗಿ ಕೆಳಗೆ ಗಿರಣಿಯವನಿಗೆ ಕೈ ಸನ್ನೆ ಮಾಡಿದರು. ಗಿರಣಿಯವನು ಎರಡು ಚೀಲ ಒಣಮೆಣಸಿನಕಾಯಿ ಒಮ್ಮೆಲೇ ಸುರಿದ. ಆಮೇಲೆ ಸಾಹೇಬರು ಕಿಟಕಿ ಮುಚ್ಚುವುದನ್ನು ಮರೆತವರಂತೆ ಬಂದು ಕೂತು, ಮಫ್ಲರನ್ನು ಮೂಗಿನ ಮೇಲೆ ಎಳೆದುಕೊಂಡರು. ಆ ಮಫ್ಲರ್ ಯಾಕೆಂದು ನನಗೆ ಅವತ್ತು ತಿಳಿಯಿತು.

ಸಿಟ್ಟು ಹಿಡಿದುಕೊಂಡು ಕೂರಬೇಕೆಂದರೆ ಮುಖ ಬಿಗಿಯಾಗಿರಬೇಕು. ಸೀನುವವನ ಮುಖ ಹೇಗೆ ಬಿಗಿಯಾಗಿ ನಿಂತೀತು? ಹತ್ತು ನಿಮಿಷದಲ್ಲಿ ಇಬ್ಬರ ಕಣ್ಣಲ್ಲೂ ಮೂಗಲ್ಲೂ ನೀರು. ಕೇಬಲ್ ಅಣ್ಣನ ಹತ್ತಿರ ಕರವಸ್ತ್ರವಿರಲಿಲ್ಲ. ಮಾಮಾ ಗೋಡೆ ನೋಡುತ್ತಲೇ ತನ್ನ ಟವೆಲ್ಲಿನ ಒಂದು ತುದಿಯನ್ನು ಅತ್ತ ಸರಿಸಿದರು.

"ಆತು. ಈಗ ಬರೀತೇನಿ," ಎಂದರು ಸಾಹೇಬರು ರಜಿಸ್ಟರ್ ತೆರೆದು. "ತಂತಮ್ಮದು ಹೇಳ್ರಿ. ಮೊದಲ ನಂದು: ಇಬ್ಬರ ಜಗಳ ಎರಡು ವರ್ಷ ನೋಡ್ಕೋತ ಕೂತೆ. ಲಗೂನ ಕರಸಬೇಕಿತ್ತು."

ಮಾಮಾ ಸೀನಿ, ಒರೆಸಿಕೊಂಡು ಹೇಳಿದರು: "ಡಿಶ್ ಇಳಸಂತ ಕಂಪನಿಯವರು ಹೇಳಿದ್ದಿಲ್ರಿ. ಖರೆ ಹೇಳ್ತೇನಿ. ಇವರ ಮಗನ ಜವಳಕ್ಕ ಔರಾದ ಎಲ್ಲಾ ಉಂಡು ಬಂತು, ನನಗ ಕರೀಲಿಲ್ಲ. ಆ ಸಿಟ್ಟಿಗಿ ಇಳಸಿದೆ."

ಕೇಬಲ್ ಅಣ್ಣ ಎದ್ದೇ ನಿಂತ. "ಕರದಿದ್ದೆನಲ್ರಿ! ಮೊಬೈಲಿಗಿ ಕಾರ್ಡ್ ಹಾಕಿದ್ದೆ!"

"ಕಾರ್ಡ್ ಬಂದಿಲ್ಲ."

"ಹಾಕೇನಿ, ನೋಡ್ರಿ!" ಎಂದು ಫೋನ್ ತೆಗೆದು, ಎರಡು ವರ್ಷದ ಹಿಂದಿನ ಸಂದೇಶ ಹುಡುಕಿ, ಮೇಜಿನ ಮೇಲೆ ಬಡಿದ. ಮೂವರೂ ಬಗ್ಗಿ ನೋಡಿದೆವು. ಜವಳದ ಕಾರ್ಡು, ಹೂವಿನ ಅಂಚು, ಕೆಳಗೆ ಒಂದೇ ಗೆರೆಯ ಟಿಕ್ಕು. ಕಳಿಸಿದ್ದ, ತಲುಪಿರಲಿಲ್ಲ. ಸಾಹೇಬರು ತಾರೀಖು ನೋಡಿ, ಹಳೇ ಪುಟ ತಿರುವಿ, ಮಾಮಾನ ಬಾಯಿಂದಲೇ ಬರೆಸಿಕೊಂಡಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟರು. ಆ ವಾರ ಪೂರ್ತಿ ಭಾಲ್ಕಿಯಲ್ಲಿ ಮಾಮಾನ ಟವರು ಬಿದ್ದಿತ್ತು. ಟವರಿನ ಮೇಲೆ ಸಿಟ್ಟಾಗಿ ಅವರು ಅದೇ ವಾರ ಹೊಸ ಫೋನೂ ಹೊಸ ನಂಬರೂ ತೆಗೆದುಕೊಂಡಿದ್ದರು. ಕಾರ್ಡು ಇನ್ನೂ ದಾರಿಯಲ್ಲೇ ಇತ್ತು.

ಆಮೇಲೆ ಕೇಬಲ್ ಅಣ್ಣ ಸಣ್ಣ ದನಿಯಲ್ಲಿ, "ಮನಿಗಿ ಹೋಗಿ, ಅಕ್ಕಿ ಕೊಟ್ಟು ಕರೀಬೇಕಿತ್ರಿ. ಬರೀ ಕಾರ್ಡ್ ಹಾಕಿ ಕೂತೆ. ನಂದು ದೋಷ, ಬರ್ಕೋರಿ" ಎಂದ.

"ಸುದ್ದಿ ದೊಡ್ಡದಿದ್ರ ಒಂದೇ ದಾರಿ ನಂಬಬ್ಯಾಡ್ರೋ," ಎಂದರು ಸಾಹೇಬರು. "ಫೋನ್ ಮಾಡು, ಕಾರ್ಡ್ ಹಾಕು, ಮಂದಿ ಕಡಿಂದ ಹೇಳಿ ಕಳಸು, ಮನಿಗೂ ಹೋಗು. ನಾಕರಾಗ ಒಂದರ ಮುಟ್ಟತದ." ಈ ಮಾತು ನಮ್ಮ ನಾಲ್ಕೂ ಊರಿನವರಿಗೆ ಅಂದಿನಿಂದ ಕಾಯ್ದೆಯಾಯಿತು. ಅವರ ಸಾವಿನ ಸುದ್ದಿ ನನಗೆ ನಾಲ್ಕು ಸಲ ಬಂದದ್ದು ಅದಕ್ಕೇ.

ಅವತ್ತೇ ಮಧ್ಯಾಹ್ನ ಮಾಮಾ ತಾನೇ ಟವರ್ ಹತ್ತಿ ಡಿಶ್ಶು ಕಟ್ಟಿದರು. ಕೆಳಗೆ ಕೇಬಲ್ ಅಣ್ಣ ಹಗ್ಗ ಹಿಡಿದು ನಿಂತು, "ಮಾಮಾ, ಸವಕಾಶ್ರಿ, ಜಾರ್ತದ" ಎಂದು ಒಂದೇ ಸಮನೆ ಕೂಗುತ್ತಿದ್ದ. ನಾನು ಡಬ್ಬಿಗೆ ಹೊಸದಾಗಿ ಬುದ್ಧಿ ಹೇಳಿದೆ, ಈ ಸಲ ಡಾಬಕಾದ ಪುಟಗಳನ್ನು ಒಂದಕ್ಷರ ಬಿಡದೆ ಓದಿ. ಮೂರನೆಯ ದಿನ ಊರೊಳಗೇ, ನೆರಳಲ್ಲೇ, ಎಲ್ಲ ಕಾರ್ಡಿನವರ ಹೆಬ್ಬೆಟ್ಟೂ ಬಿತ್ತು. ಮುದುಕ ಹೆಬ್ಬೆಟ್ಟು ಎತ್ತಿ ತೋರಿಸಿ, "ತಿರುಗಿ ಬಂತು ನೋಡ್ರಿ, ಕರ್ನಾಟಕಕ್ಕ" ಎಂದ. ಆಗ ನಾನೂ ನಕ್ಕೆ.

ಅದರ ಮರುದಿನ ಅಧಿಕಾರಿ ನಮ್ಮ ಆಫೀಸಿಗೆ ಬಂದು, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ವರದಿ ಬರೆಯಲು ಕೂತರು. "ಯೋಜನೆ ಮುಂದುವರಿಯಲಿ. ಆದರೆ ಮೊದಲ ದಿನ ಪೂರ್ತಿ ಹಾಳಾಗಿದೆ. ಇದು ಯಾರ ತಪ್ಪು? ಒಂದು ಹೆಸರು ಬರೆಯಬೇಕು" ಎಂದರು.

ನಾನು ಬಾಯಿ ತೆರೆದೆ. ಆಣೆ ಮಾಡಿ ಹೇಳುತ್ತೇನೆ, ಹೇಳಲಿಕ್ಕೇ ತೆರೆದದ್ದು. ಸೀನು ಬಂತು. ಒಂದರ ಹಿಂದೆ ಒಂದು, ಮೂರು. ಅವು ಮುಗಿಯುವಷ್ಟರಲ್ಲಿ ಸಾಹೇಬರು ಹೇಳಿಬಿಟ್ಟಿದ್ದರು: "ನಂದು ಸಾಹೇಬ್ರ. ರಜಿಸ್ಟರ್ ನಾ ನನ್ನ ರೀತಿಲೆ ಬರೀತೇನಿ. ಓದಿದವರಿಗಿ ತಿಳಿಯಂಗ ಬರೀಬೇಕಿತ್ತು." ಅಧಿಕಾರಿ ಬರೆದುಕೊಂಡರು.

ಆ ಮೂರು ಸೀನಿನ ಮೇಲೆ ನಾಲ್ಕು ವರ್ಷ ತಪ್ಪು ಹೊರಿಸಿದ್ದೇನೆ. ಆದರೆ ಅಧಿಕಾರಿ ಅಲ್ಲಿ ಇನ್ನೂ ಅರ್ಧ ತಾಸು ಕೂತಿದ್ದರು. ಚಹಾ ಕುಡಿದರು, ಬಿಸ್ಕೀಟು ತಿಂದರು, ನನ್ನ ಊರು ಯಾವುದೆಂದು ವಿಚಾರಿಸಿದರು. ಕಮಠಾಣ ಎಂದು ಹೇಳಿದೆ. ಅದೊಂದನ್ನೇ ಹೇಳಿದೆ. ನನ್ನದೂ ಕರಾರಿನ ಕೆಲಸ, ಬಂದು ವರ್ಷವಾಗಿತ್ತಷ್ಟೆ, ಹೆದರಿದ್ದೆ.

ಅಧಿಕಾರಿ ಹೋದ ಮೇಲೆ ಸಾಹೇಬರು ರಜಿಸ್ಟರಿನಲ್ಲಿ ಒಂದು ಹೊಸ ಪುಟ ತೆಗೆದು ನನ್ನ ಹೆಸರು ಬರೆದು ನನ್ನ ಕಡೆ ತಿರುಗಿಸಿದರು. "ನೀನೂ ಒಂದು ದಾರಿನೇ, ಬೇಟಿ. ಬರಿ." ದೋಷದ ಖಾನೆಯಲ್ಲಿ ನಾನು ಬಹಳ ಹೊತ್ತು ಯೋಚಿಸಿ 'ಅವಸರ' ಎಂದು ಬರೆದೆ. ಅವಸರ ಎಂಬುದು ಎಂಥ ಅನುಕೂಲದ ದೋಷ! ಯಾರೂ ಬೈಯುವುದಿಲ್ಲ, ಕೆಲವರು ಹೊಗಳುತ್ತಾರೆ ಕೂಡ. ಸಾಹೇಬರು ಕನ್ನಡಕ ಏರಿಸಿ ಓದಿ, "ಅಕ್ಷರ ಚೆಂದ ಅವ" ಎಂದು ಪುಸ್ತಕ ಮುಚ್ಚಿದರು.

ಮೂರು ತಿಂಗಳಿಗೆ ಅವರ ಕರಾರು ಮುಗಿಯಿತು. ಮತ್ತೆ ಮಾಡಲಿಲ್ಲ. ವರದಿಯಲ್ಲಿ ಹೆಸರಿತ್ತಲ್ಲ. ನನ್ನದು ಮುಂದುವರಿಯಿತು. ಕೊನೆಯ ದಿನ ಅವರು ಕೆಂಪು ರಜಿಸ್ಟರ್ ನನ್ನ ಕೈಗೆ ಕೊಟ್ಟರು. ನಾನು ಹಿಡಿದೆ, ಅವರು ಬಿಡಲಿಲ್ಲ. "ಹಿಡದೀಯೇನು?" "ಹಿಡದೇನಿ ಸಾಹೇಬ್ರ." ಆದರೂ ಬಿಡಲಿಲ್ಲ. ನಾನು ಏನಾದರೂ ಹೇಳಲಿ ಎಂದು ಕಾದರೇನೋ. ನಾನು ಹೇಳಲಿಲ್ಲ. ಅವರು ಬಿಟ್ಟರು, ಮಫ್ಲರ್ ಸರಿಮಾಡಿಕೊಂಡು ಮೆಟ್ಟಿಲಿಳಿದರು.

ಆಮೇಲೂ ಹಬ್ಬಕ್ಕೊಮ್ಮೆ ಬರುತ್ತಿದ್ದರು, ಶೀರ್‌ಖುರ್ಮಾ ಪಾಯಸದ ಡಬ್ಬಿ ಹಿಡಿದುಕೊಂಡು. ಪ್ರತಿಸಲವೂ ಡಬ್ಬಿಗಾಗಿ ನಮ್ಮಿಬ್ಬರ ಜಗ್ಗಾಟ ನಡೆಯುತ್ತಿತ್ತು. ಇವತ್ತು ಹೇಳುತ್ತೇನೆ, ಮುಂದಿನ ಹಬ್ಬಕ್ಕೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹೇಳುವ ಮನುಷ್ಯ ಎದುರಿಗೇ ಇದ್ದಾಗ ದಿನಗಳು ಬಹಳ ಇದ್ದಂತೆ ಕಾಣುತ್ತವೆ.

ಮಣ್ಣು ಮುಗಿದ ಮೇಲೆ ಆ ಸಂಜೆ ನಾಲ್ವರೂ ಆಫೀಸಿಗೆ ಬಂದರು. ನಾನು ಮತ್ತು ಡಾಬಕಾದ ಅಕ್ಕ ಸಾಹೇಬರ ಮನೆಯಲ್ಲಿ ಅವರ ಹೆಂಡತಿಯ ಹತ್ತಿರ ಕೂತು ಬಂದಿದ್ದೆವು. ಕೆಳಗೆ ಗಿರಣಿ ನಡೆದಿತ್ತು. ಯಾರು ಅಳುತ್ತಿದ್ದಾರೆ, ಯಾರಿಗೆ ಖಾರ ಹತ್ತಿದೆ ಎಂದು ತಿಳಿಯದಂತೆ ಎಲ್ಲರ ಮೂಗೂ ಕೆಂಪು. ಟವರ್ ಮಾಮಾ, "ಮೇಡಂ, ಸಾಹೇಬ್ರಿಗಿ ಒಂದು ಪುಟ ಇಲ್ರಿ ಇದರಾಗ. ಬರೀರಿ" ಎಂದರು. ಬರೆದೆ. ಮನೆತನ: ಸಂಬಂಧ ಕೂಡಿಸುವವರು. ಸ್ವಭಾವ ಏನೆಂದು ಕೇಳಿದರೆ ನಾಲ್ವರೂ ಒಮ್ಮೆಲೇ ಮಾತಾಡಿದರು. ಯಾರ ಜೊತೆ ಹೊಂದಿಕೆ ಎಂಬ ಖಾನೆಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಬರೆಯಬೇಕಾಯಿತು. ದೋಷದ ಖಾನೆಗೆ ಬಂದಾಗ ಕೇಬಲ್ ಅಣ್ಣ, "ಸಕ್ಕರಿ ಕದೀತಿದ್ರು, ಹಾಕ್ರಿ" ಎಂದ. ಮೆಹಕರದವನು, ಜೀವನದಲ್ಲಿ ಮೊದಲ ಸಲವೋ ಏನೋ, ಇ-ಮೇಲ್ ಇಲ್ಲದೆ ಬಾಯಿಂದ ಮಾತಾಡಿದ: "ಹಾಕಬಾರ್ದ್ರಿ. ಅವರೇ ಹೇಳಬೇಕು. ರೂಲ್ ಅದ."

ಪೆನ್ನು ಕೆಳಗಿಟ್ಟೆ. ಆ ಖಾನೆ ಖಾಲಿ ಉಳಿಯಿತು. ಹೇಳುವವರು ಇಲ್ಲ. ಆದರೆ ಹೇಳುವವಳು ಇನ್ನೂ ಬದುಕಿರುವ ಒಂದು ಪುಟ ಅದೇ ಪುಸ್ತಕದಲ್ಲಿತ್ತು, ಚೆಂದದ ಅಕ್ಷರದಲ್ಲಿ 'ಅವಸರ' ಎಂದು ಬರೆದುಕೊಂಡು.

ಮರುದಿನ ಹತ್ತೂವರೆಗೆ ಹಾಜರಿ. ನಾಲ್ಕೂ ದಾರಿ ತೆರೆದಿಟ್ಟು ಒಂದೊಂದೇ ಹೆಸರು ಕೂಗಿದೆ. ಎಲ್ಲರೂ ಇದ್ದರು. "ಒಂದು ದೊಡ್ಡ ಸುದ್ದಿ ಅದ್ರಿ" ಎಂದೆ. ಸೀನು ಬಂತು, ಅದೇ ಮೂರು. ಆ ಕಡೆಯಿಂದ ಡಾಬಕಾದ ಅಕ್ಕ, "ಮೂರೂ ಕೇಳಿಸ್ತು. ಮುಂದ ಹೇಳ್ರಿ" ಎಂದಳು. ಮೂಗು ಒರೆಸಿಕೊಂಡು ಹೇಳಿದೆ: "ಡಾಬಕಾದ ಮೊದಲನೇ ದಿನದ ತಪ್ಪು ನಂದ್ರಿ. ಸಾಹೇಬ್ರದಲ್ಲ. ಅವರು ನನ್ನ ಸಲುವಾಗಿ ಹೊತ್ಕೊಂಡ್ರು, ಅವರ ನೌಕರಿ ಹೋತು. ನಾ ಸುಮ್ಮ ಕೂತೆ."

ಲೈನಿನಲ್ಲಿ ಕಸವಿರಲಿಲ್ಲ. ಮೊದಲು ಟವರ್ ಮಾಮಾ ಮಾತಾಡಿದರು. "ನಮಗ ಅವತ್ತೇ ಗೊತ್ತಿತ್ರಿ ಮೇಡಂ. ಸಾಹೇಬ್ರು ಅಂದಿದ್ರು, ಅಕಿ ತಾನೇ ಹೇಳ್ತಾಳ, ಯಾರೂ ಕೇಳಬ್ಯಾಡ್ರಿ, ಲೈನ್ ಚಾಲೂ ಇಡ್ರಿ ಅಂತ." ಐದು ನಿಮಿಷಕ್ಕೆ ಮೆಹಕರದಿಂದ ಇ-ಮೇಲ್ ಬಂತು. 'ವಿಷಯ: ತಪ್ಪೊಪ್ಪಿಗೆ ತಲುಪಿರುವ ಬಗ್ಗೆ.'

ರಜಿಸ್ಟರ್ ತೆಗೆದು ನನ್ನ ಪುಟದಲ್ಲಿ 'ಅವಸರ' ಹೊಡೆದುಹಾಕಿ, ಹೇಳಿದ್ದನ್ನೆಲ್ಲ ಹೇಳಿದಂತೆಯೇ ಬರೆದೆ. ಈ ಸಲ ಅಕ್ಷರ ಚೆಂದ ಬರಲಿಲ್ಲ.